ಘಾಟಿಯಲ್ಲಿ ಆರಾಮಾಗಿ ಜೀಪು ಓಡಿಸ್ತೀನಿ, ಗೇಮಲ್ಲಿ ಮಾತ್ರ ಕಾರು ಯಾಕೆ ಗಿರಕಿ ಹೊಡೆಯುತ್ತೆ?

ಓದುಗರ ಪ್ರಶ್ನೆ: ನಾನು ಸುಂಟಿಕೊಪ್ಪದವನು. ಸಂಪಾಜೆ ಘಾಟಿ ನನಗೆ ನೀರು ಕುಡಿದಷ್ಟು ಸುಲಭ. ಆದರೆ ಅಸೆಟ್ಟೊ ಕೊರ್ಸಾ ಕಾಂಪಿಟಿಜಿಯೋನೆ ಅನ್ನೋ ಕಾರ್ ರೇಸ್ ಗೇಮ್ ಆಡಲು ಕೂತರೆ ಪ್ರತಿ ತಿರುವಿನಲ್ಲೂ ಕಾರು ಒಂದೋ ಹುಲ್ಲಿಗೆ ಹೋಗುತ್ತೆ, ಇಲ್ಲಾ ಗಿರಕಿ ಹೊಡೆಯುತ್ತೆ. ಒಳ್ಳೆ ಸ್ಟೀರಿಂಗ್ ವೀಲ್ ತಗೊಂಡರೆ ಸರಿ ಹೋಗುತ್ತಾ?

ವೀಲ್ ತಗೊಳ್ಳಿ, ಬೇಡ ಅನ್ನಲ್ಲ. ಆದರೆ ಈ ಕಾಯಿಲೆಗೆ ಅದು ಮದ್ದಲ್ಲ. ತೊಂದರೆ ಇರೋದು ಕೈಯಲ್ಲಲ್ಲ, ಕಾಲಲ್ಲಿ. ಘಾಟಿ ಕಲಿಸಿದ ಒಳ್ಳೆಯ ಅಭ್ಯಾಸಗಳೇ ಅಲ್ಲಿ ಅಡ್ಡ ಬರುತ್ತಿವೆ.

ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ನಾವು ಏನು ಮಾಡುತ್ತೇವೆ ನೋಡಿ. ಎರಡನೇ ಗೇರಿಗೆ ಹಾಕಿ ಇಂಜಿನ್ ಹಿಡಿತದಲ್ಲೇ ಇಳಿಸುತ್ತೇವೆ, ತಿರುವು ಬಂದರೆ ಹಾರನ್ ಹೊಡೆದು, ಬ್ರೇಕನ್ನು ಆಗಾಗ ಸ್ವಲ್ಪ ಸ್ವಲ್ಪ ಮುಟ್ಟುತ್ತಾ, ಎದುರಿಂದ ಬಸ್ ಬಂದರೆ ಕಷ್ಟ ಅಂತ ಎಡಕ್ಕೇ ಅಂಟಿಕೊಂಡು ಹೋಗುತ್ತೇವೆ. ಟೈರಿನ ಹಿಡಿತವನ್ನು ಪೂರ್ತಿ ಬಳಸುವ ಮಾತೇ ಇಲ್ಲ, ಬಳಸಲೂಬಾರದು. ರೇಸ್ ಟ್ರ್ಯಾಕಿನಲ್ಲಿ ಲೆಕ್ಕವೇ ಬೇರೆ. ರಸ್ತೆಯ ಪೂರ್ತಿ ಅಗಲ ನಿಮ್ಮದು. ಬ್ರೇಕ್ ಒಂದೇ ಸಲ, ಗಟ್ಟಿಯಾಗಿ, ಕಾರು ನೇರ ಇರುವಾಗಲೇ. ಆಮೇಲೆ ತಿರುಗಿಸುತ್ತಾ ಹೋದಂತೆ ಕಾಲನ್ನು ನಿಧಾನಕ್ಕೆ ಬಿಡುತ್ತಾ ಬರಬೇಕು. ಈ ಬಿಡೋದರಲ್ಲೇ ಎಲ್ಲ ಇರೋದು.

ಯಾಕೆ ಅಂದರೆ, ಟೈರಿನ ಹಿಡಿತ ಗಿಡ್ಡ ಕಂಬಳಿ ಇದ್ದ ಹಾಗೆ. ತಲೆಗೆ ಎಳೆದುಕೊಂಡರೆ ಕಾಲು ಹೊರಗೆ. ಪೂರ್ತಿ ಹಿಡಿತವನ್ನು ಬ್ರೇಕಿಗೇ ಕೊಟ್ಟರೆ ತಿರುಗಲು ಏನೂ ಉಳಿಯಲ್ಲ. ಜೊತೆಗೆ, ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ, ಹಿಂದಿನದು ಹಗುರ ಆಗುತ್ತದೆ. ಘಾಟಿಯ ಅಭ್ಯಾಸದಂತೆ ತಿರುವಿನ ನಡುವೆ ಸುಮ್ನೆ ಒಂದು ಸಲ ಬ್ರೇಕ್ ಮುಟ್ಟಿದಿರೋ, ಹಗುರಾದ ಹಿಂಬದಿ ಜಾರಿಕೊಂಡು ಹೊರಗೆ ಬರುತ್ತದೆ. ಅದೇ ನಿಮ್ಮ ಗಿರಕಿ.

ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ರೇಸ್ ಟ್ರ್ಯಾಕಿನ ಮೊದಲ ತಿರುವು, ಪ್ಯಾಡಕ್ ಹಿಲ್ ತಗೊಳ್ಳಿ. ನಿಮ್ಮ ಗೇಮಲ್ಲೇ ಇದೆ, ಘಾಟಿಯವರಿಗೆ ನೋಡಿದ ತಕ್ಷಣ ಇಷ್ಟವಾಗುವ ತಿರುವು. ಏರಿನ ತುದಿಗೆ ಬಂದು ಬಲಕ್ಕೆ ತಿರುಗಬೇಕು, ತಿರುಗುತ್ತಿದ್ದ ಹಾಗೇ ರಸ್ತೆ ದಡಕ್ಕನೆ ಕೆಳಗೆ ಇಳಿಯುತ್ತದೆ. ಒಳಗಿನ ಅಂಚು ಮೊದಲು ಕಾಣಿಸುವುದೇ ಇಲ್ಲ. ಎಡ ಅಂಚಿನಲ್ಲಿ ಬನ್ನಿ, ಕಾರು ನೇರ ಇರುವಾಗಲೇ ಗಟ್ಟಿಯಾಗಿ ಬ್ರೇಕ್ ಹಾಕಿ, ಬಲಕ್ಕೆ ತಿರುಗಿಸುತ್ತಾ ಕಾಲು ಸಡಿಲಿಸಿ. ಕಾಲನ್ನು ಪಟ್ಟನೆ ಎತ್ತಿದರೆ ಮುಂದಿನ ಭಾರ ಹೋಗಿ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ಎಡಗಡೆಯ ಜಲ್ಲಿಗೇ ಹೋಗುತ್ತದೆ. ಆಗ ಇನ್ನೂ ಜಾಸ್ತಿ ತಿರುಗಿಸಬೇಡಿ. ಸ್ವಲ್ಪ ವಾಪಸ್ ಬಿಡಿ, ಟೈರು ಮತ್ತೆ ಹಿಡಿಯುತ್ತದೆ.

ನಿಜವಾದ ಜೀಪಿನಲ್ಲಿ ಜಾರುವುದು ಸೊಂಟಕ್ಕೆ ಮೊದಲು ಗೊತ್ತಾಗುತ್ತೆ, ಅಲ್ವಾ? ಕುರ್ಚಿಯಲ್ಲಿ ಕೂತವನಿಗೆ ಆ ಸುದ್ದಿ ಬರಲ್ಲ. ಆದ್ದರಿಂದ ಕಿವಿಗೆ ಕೆಲಸ ಕೊಡಿ. ಮ್ಯೂಸಿಕ್ ಆಫ್ ಮಾಡಿ, ಇಂಜಿನ್ ಸದ್ದು ಇಳಿಸಿ, ಟೈರಿನ ಸದ್ದು ಏರಿಸಿ. ಕಣ್ಣು ಯಾವಾಗಲೂ ಮುಂದಿನ ಜಾಗದಲ್ಲಿರಲಿ, ಬಾನೆಟ್ ಮೇಲಲ್ಲ. ಸೆಟಿಂಗ್ಸ್‌ನಲ್ಲಿ ಫೀಲ್ಡ್ ಆಫ್ ವ್ಯೂ ಅಂತ ಒಂದಿದೆ, ಅಂದರೆ ಪರದೆಯಲ್ಲಿ ಎಷ್ಟು ಅಗಲದ ನೋಟ ಕಾಣಬೇಕು ಅನ್ನೋದು, ಅದನ್ನು ನಿಮ್ಮ ಪರದೆಯ ಅಳತೆಗೂ ಕೂರುವ ದೂರಕ್ಕೂ ಹೊಂದಿಸಿ, ಇಲ್ಲದಿದ್ದರೆ ವೇಗವೂ ದೂರವೂ ಸುಳ್ಳು ಹೇಳುತ್ತವೆ.

ಇನ್ನೊಂದು ಮಾತು. ದಿನಕ್ಕೊಂದು ಕಾರು, ದಿನಕ್ಕೊಂದು ಟ್ರ್ಯಾಕ್ ಬೇಡ. ಒಂದೇ ಕಾರು, ಒಂದೇ ಟ್ರ್ಯಾಕ್ ಹಿಡಿದು, ಲ್ಯಾಪ್‌ಗಳ ಟೈಮ್ ಹೆಚ್ಚೂಕಡಿಮೆ ಒಂದೇ ಥರ ಬರುವ ತನಕ ಓಡಿಸಿ. ವೇಗದ ವಿಷಯ ಆಮೇಲೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಒಟ್ಟಿಗೆ ಕೈಕೊಡುತ್ತವೆ, ಹಾಗಾಗಿ ಆನ್‌ಲೈನ್ ರೇಸಿನ ಮಧ್ಯೆ ಮಾಯವಾಗಿ ಬೈಸಿಕೊಳ್ಳೋದಕ್ಕಿಂತ ಈ ಆಫ್‌ಲೈನ್ ಅಭ್ಯಾಸವೇ ವಾಸಿ. ಗ್ರಾನ್ ಟುರಿಸ್ಮೊ 7 ಅನ್ನೋ ಇನ್ನೊಂದು ರೇಸ್ ಗೇಮ್ ತಗೊಳ್ಳೋ ಯೋಚನೆ ಇದ್ದರೆ ಗೊತ್ತಿರಲಿ, ನೆಟ್ ಇಲ್ಲದೆ ಅದರಲ್ಲಿ ಹೆಚ್ಚಿನ ಭಾಗ ಓಡುವುದಿಲ್ಲ. ತೋಟದ ಇಕ್ಕಟ್ಟು ರಸ್ತೆ ರೂಢಿಯಾದವರಿಗೆ ಡರ್ಟ್ ರ್‍ಯಾಲಿ 2.0 ಅನ್ನೋ ರ್‍ಯಾಲಿ ಗೇಮ್ ಬೇಗ ಒಗ್ಗಬಹುದು. ಪಕ್ಕದ ಸೀಟಿನವನು ತಿರುವುಗಳನ್ನು ನಂಬರಲ್ಲಿ ಹೇಳುತ್ತಾ ಹೋಗುತ್ತಾನೆ, 6 ಅಂದರೆ ಸ್ವಲ್ಪವೇ ಬಾಗಿದ್ದು, 1 ಅಂದರೆ ಬಹಳ ಕಡಿದಾದದ್ದು.

ಇಷ್ಟಾದ ಮೇಲೂ ದುಡ್ಡು ಖರ್ಚು ಮಾಡಲೇಬೇಕು ಅನಿಸಿದರೆ, ದುಬಾರಿ ವೀಲಿಗಿಂತ ಮೊದಲು ಪೆಡಲ್ ನೋಡಿ. ಅಗ್ಗದ ಪೆಡಲ್ ಕಾಲು ಎಷ್ಟು ದೂರ ಹೋಯಿತು ಅಂತ ಅಳೆಯುತ್ತದೆ. ಲೋಡ್ ಸೆಲ್ ಇರುವ ಬ್ರೇಕ್ ಪೆಡಲ್ ಎಷ್ಟು ಜೋರಾಗಿ ಒತ್ತಿದಿರಿ ಅಂತ ಅಳೆಯುತ್ತದೆ, ಕಾಲಿಗೆ ನೆನಪು ಉಳಿಯೋದು ಆ ಒತ್ತಡವೇ. ನಯವಾದ ನೆಲದ ಮೇಲೆ ಅದು ಹಿಂದಕ್ಕೆ ಜಾರುತ್ತದೆ, ಗೋಡೆಗೆ ಒಂದು ಹಲಗೆ ಕೊಟ್ಟು ಪೆಡಲನ್ನು ಅದಕ್ಕೆ ಒತ್ತಿ ಇಡಿ.