ಸ್ಟೆಂಟ್ ಗ್ರಾಫ್ಟ್ ಹಾಕಿದ ಮೇಲೂ ರಕ್ತ ಸೋರಿದರೆ?

ಹೊಟ್ಟೆಯೊಳಗಿನ ಮಹಾಧಮನಿ ಸಾಮಾನ್ಯವಾಗಿ ಸುಮಾರು 2 ಸೆಂ.ಮೀ. ಅಗಲ. ಅದು 3 ಸೆಂ.ಮೀ. ದಾಟಿದರೆ ಎನ್ಯೂರಿಸಂ, ಅಂದರೆ ನಾಳ ಚೀಲದಂತೆ ಉಬ್ಬಿರುವುದು. ಗಂಡಸರಲ್ಲಿ 5.5, ಹೆಂಗಸರಲ್ಲಿ 5 ಸೆಂ.ಮೀ. ಮುಟ್ಟಿದಾಗ ದುರಸ್ತಿಯ ಮಾತು ಬರುತ್ತದೆ. ಒಡೆದರೆ ಹೆಚ್ಚಿನವರು ಉಳಿಯುವುದಿಲ್ಲ. ಐನ್‌ಸ್ಟೈನ್ ತೀರಿಕೊಂಡದ್ದು ಇದರಿಂದಲೇ. 1948ರಲ್ಲಿ ಅವರ ಉಬ್ಬಿದ ನಾಳಕ್ಕೆ ಡಾಕ್ಟರು ಸೆಲ್ಲೋಫೇನ್ ಸುತ್ತಿದ್ದರು. 1955ರಲ್ಲಿ ಅದು ಒಡೆಯಿತು.

ಈಗ ಬಹಳಷ್ಟು ಜನರಿಗೆ ಹೊಟ್ಟೆ ಕೊಯ್ಯಬೇಕಿಲ್ಲ. 1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ತೋರಿಸಿಕೊಟ್ಟ ದಾರಿಯಲ್ಲಿ, ತೊಡೆಸಂದಿನ ನಾಳದಿಂದ ಮಡಿಚಿದ ಕೊಳವೆಯನ್ನು ಮೇಲಕ್ಕೆ ಒಯ್ದು ಒಳಗೆ ಅರಳಿಸುತ್ತಾರೆ. ಲೋಹದ ಚೌಕಟ್ಟು, ಮೇಲೊಂದು ಪಾಲಿಯೆಸ್ಟರ್ ಅಥವಾ ಅಂಥದೇ ಬಟ್ಟೆ. ಈ ಕೊಳವೆಯೇ ಸ್ಟೆಂಟ್ ಗ್ರಾಫ್ಟ್. ರಕ್ತ ಕೊಳವೆಯೊಳಗೇ ಹರಿಯಬೇಕು, ಹೊರಗಿನ ಉಬ್ಬುಚೀಲಕ್ಕೆ ಒತ್ತಡ ಬೀಳಬಾರದು. ಇಷ್ಟೇ ಲೆಕ್ಕ.

ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿ ಇದನ್ನು ಮಾಡಿಸಿಕೊಂಡು ಬಂದ ನಮ್ಮ ಉತ್ತರ ಕನ್ನಡದ ಕಡೆಯವರು ಬೇಗ ಚೇತರಿಸಿಕೊಳ್ಳುತ್ತಾರೆ. ನೋವಿಲ್ಲ, ಗಾಯವೂ ಹೆಚ್ಚಿಲ್ಲ. ಮತ್ತೆ ಘಟ್ಟ ಇಳಿದು ಸ್ಕ್ಯಾನಿಗೆ ಹೋಗುವುದು ಸುಮ್ನೆ ಖರ್ಚು ಅನಿಸುತ್ತದೆ. ಅಲ್ಲೇ ತೊಂದರೆ. ಕೊಳವೆ ಹಾಕಿದರೂ ಉಬ್ಬುಚೀಲ ಹೊಟ್ಟೆಯೊಳಗೇ ಇರುತ್ತದೆ. ಅದಕ್ಕೆ ರಕ್ತ ಸೋರಿದರೆ ಎಂಡೋಲೀಕ್ ಎನ್ನುತ್ತಾರೆ. ಸೋರುವಾಗ ರೋಗಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ.

ಸೋರಿಕೆಯಲ್ಲಿ ಐದು ಬಗೆ ಹೇಳುತ್ತಾರೆ. ಒಂದನೆಯದು ಕೊಳವೆಯ ಮೇಲಿನ ಅಥವಾ ಕೆಳಗಿನ ತುದಿ ನಾಳದ ಗೋಡೆಗೆ ಸರಿಯಾಗಿ ಕೂರದೆ ಆಗುವಂಥದ್ದು. ವರ್ಷಗಳ ಮೇಲೆ ನಾಳ ಇನ್ನಷ್ಟು ಹಿಗ್ಗಿಯೋ ಕೊಳವೆ ಜಾರಿಯೋ ಹೊಸದಾಗಿ ಶುರುವಾಗಲೂಬಹುದು. ಮೂರನೆಯದರಲ್ಲಿ ಕೊಳವೆಯ ಭಾಗಗಳ ಜೋಡಣೆ ಬಿಡುತ್ತದೆ, ಇಲ್ಲವೇ ಬಟ್ಟೆ ಹರಿಯುತ್ತದೆ. ಈ ಎರಡರಲ್ಲೂ ಹೃದಯದ ಪೂರಾ ಒತ್ತಡ ಚೀಲದ ಮೇಲೆ ಬೀಳುವುದರಿಂದ ಕಾಯುವ ಮಾತಿಲ್ಲ. ಬಲೂನಿನಿಂದ ಒತ್ತಿ ಕೂರಿಸುತ್ತಾರೆ, ಇನ್ನೊಂದು ತುಂಡು ಕೊಳವೆ ಸೇರಿಸುತ್ತಾರೆ. ಯಾವುದೂ ಆಗದಿದ್ದರೆ ಹೊಟ್ಟೆ ತೆರೆಯುತ್ತಾರೆ. ನಾಲ್ಕನೆಯದು ಬಟ್ಟೆಯ ಸಣ್ಣ ರಂಧ್ರಗಳಿಂದ ಜಿನುಗುವುದು. ಈಗಿನ ಬಟ್ಟೆಗಳಲ್ಲಿ ಅಪರೂಪ, ತಾನೇ ನಿಲ್ಲುತ್ತದೆ. ಐದನೆಯದರಲ್ಲಿ ಸೋರಿಕೆ ಕಾಣುವುದೇ ಇಲ್ಲ, ಚೀಲ ಮಾತ್ರ ಬೆಳೆಯುತ್ತದೆ.

ಎರಡನೆಯ ಬಗೆಯನ್ನು ಬೇಕೆಂದೇ ಕೊನೆಗೆ ಇಟ್ಟೆ. ಎಲ್ಲಕ್ಕಿಂತ ಜಾಸ್ತಿ ಕಾಣುವುದು ಅದೇ, ವಾದ ಇರುವುದೂ ಅದರ ಮೇಲೆಯೇ. ಅಘನಾಶಿನಿ ಹೊಳೆಯ ದಡದ ಗಜನಿ ಗದ್ದೆ, ಅಂದರೆ ಉಪ್ಪುನೀರಿನ ಪಕ್ಕದ ತಗ್ಗು ಗದ್ದೆ ನೋಡಿದವರಿಗೆ ಗೊತ್ತು: ಹೊಳೆಯ ಕಡೆಯ ಕಟ್ಟು ಗಟ್ಟಿಯಿದ್ದರೂ ಯಾವುದೋ ಕಿರುಗಾಲುವೆ ಸುತ್ತಿ ಬಂದು ಹಿಂದಿನಿಂದ ಉಪ್ಪುನೀರು ತರುತ್ತದೆ. ಹಾಗೆಯೇ ಇಲ್ಲಿ ಬೆನ್ನಿನ ಅಥವಾ ಕರುಳಿನ ಸಣ್ಣ ನಾಳಗಳಿಂದ ರಕ್ತ ಹಿಮ್ಮುಖವಾಗಿ ಚೀಲಕ್ಕೆ ಬರುತ್ತದೆ. ಇವುಗಳಲ್ಲಿ ಎಷ್ಟೋ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹಾಗಾಗಿ ನೋಡಬೇಕಾದ್ದು ಚೀಲದ ಅಳತೆ. 5 ಮಿ.ಮೀ.ಗಿಂತ ಜಾಸ್ತಿ ಬೆಳೆದರೆ ಚಿಕಿತ್ಸೆ ಯೋಚಿಸಿ ಎಂದು ಅಮೆರಿಕದ ತಜ್ಞರು 2018ರಲ್ಲಿ ಹೇಳಿದರು. ಯುರೋಪಿನವರು ಮರುವರ್ಷ 10 ಮಿ.ಮೀ. ಅಂದರು. ಸ್ಕ್ಯಾನ್ ಮಾಡುವವರು ಬದಲಾದರೇ ಅಳತೆ ಕೆಲವು ಮಿ.ಮೀ. ಹೆಚ್ಚುಕಮ್ಮಿ ಆಗುತ್ತದೆ ಅಲ್ವಾ, ನನಗೆ ಯುರೋಪಿನವರ ಮಾತೇ ಸರಿ ಅನಿಸುತ್ತದೆ. ಬೆಳೆದದ್ದು ಖಚಿತವಾದರೆ ಆ ಸಣ್ಣ ನಾಳಗಳನ್ನು ಲೋಹದ ಸುರುಳಿ ಅಥವಾ ಅಂಟಿನಿಂದ ಮುಚ್ಚುತ್ತಾರೆ.

ಬ್ರಿಟನ್ನಿನಲ್ಲಿ 1,252 ಜನರ ಮೇಲೆ ನಡೆದ ಅಧ್ಯಯನದಲ್ಲಿ ಮೊದಲ ತಿಂಗಳುಗಳಲ್ಲಿ, ಹೊಟ್ಟೆ ತೆರೆದು ದುರಸ್ತಿ ಮಾಡಿಸಿಕೊಂಡವರಿಗಿಂತ ಕೊಳವೆ ಹಾಕಿಸಿಕೊಂಡವರೇ ಹೆಚ್ಚು ಉಳಿದರು. ಎಂಟು ವರ್ಷ ಕಳೆದ ಮೇಲೆ ಲೆಕ್ಕ ತಿರುಗಿತು. ಚೀಲ ತಡವಾಗಿ ಒಡೆದದ್ದು ಅದಕ್ಕೆ ಒಂದು ಕಾರಣ.

ಮೊದಲ ತಿಂಗಳ ಸಿಟಿ ಸ್ಕ್ಯಾನ್ ತಪ್ಪಿಸಬಾರದು. ಅದರಲ್ಲಿ ಎಲ್ಲ ಸರಿ ಇದ್ದರೆ ಮುಂದಿನ ವರ್ಷಗಳ ತಪಾಸಣೆ ಎಷ್ಟೋ ಜನರಿಗೆ ಡಾಪ್ಲರ್ ಅಲ್ಟ್ರಾಸೌಂಡಿನಲ್ಲೇ ಮುಗಿಯುತ್ತದೆ. ಅದಕ್ಕೆ ಸಿಟಿಯಲ್ಲಿ ಚುಚ್ಚುವ, ಕಿಡ್ನಿಗೆ ಭಾರವಾಗಬಹುದಾದ ಕಾಂಟ್ರಾಸ್ಟ್ ಔಷಧಿ ಬೇಕಾಗುವುದಿಲ್ಲ. ಇದನ್ನು ಕಾರವಾರದಲ್ಲೋ ಶಿರಸಿಯಲ್ಲೋ ಮಾಡಿಸಬಹುದೇ ಎಂದು ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ. ಹೋಗುವಾಗ ಹಳೆಯ ಸ್ಕ್ಯಾನಿನ ಸಿಡಿ ಕೈಯಲ್ಲಿರಲಿ. ಹಿಂದಿನ ಅಳತೆ ಇಲ್ಲದಿದ್ದರೆ ಚೀಲ ಬೆಳೆದಿದೆಯೋ ಕುಗ್ಗಿದೆಯೋ ಯಾರೂ ಹೇಳಲಾರರು. ನಡುವೆ ಒಮ್ಮೆಲೇ ಹೊಟ್ಟೆ ಅಥವಾ ಬೆನ್ನು ನೋವು ಬಂದರೆ, ತಲೆ ಸುತ್ತಿದರೆ, ಗ್ಯಾಸ್ಟ್ರಿಕ್ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹೊಟ್ಟೆಯೊಳಗೆ ಸ್ಟೆಂಟ್ ಗ್ರಾಫ್ಟ್ ಇದೆ ಎಂದು ಮೊದಲೇ ಹೇಳಿ.