ಇಲಿ ತಡವಾಗಿ ಕಟ್ಟೆ ಹತ್ತಿದರೆ ಅದು ಮರೆವೇ?

"ಸರ್, ಒಂದೆಲಗ ತಿಂದ್ರೆ ನೆನಪಿನ ಶಕ್ತಿ ಜಾಸ್ತಿಯಾಗುತ್ತಂತೆ. ಇಲಿಗಳ ಮೇಲೆ ಪ್ರೂವ್ ಆಗಿದೆಯಂತೆ, ಹೌದಾ?" ಪರೀಕ್ಷೆ ಹತ್ತಿರ ಬಂದಾಗ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಔಷಧಶಾಸ್ತ್ರದ ಲ್ಯಾಬಿನಲ್ಲಿ ಇಂಥ ಪ್ರಯೋಗ ಮಾಡುವವನು ನಾನು. ಇಲಿಗೆ ನೆನಪಿದೆ ಅಂತ ನಮಗೆ ಗೊತ್ತಾಗುವುದು ಹೇಗೆ, ಅದನ್ನು ಮೊದಲು ಹೇಳುತ್ತೇನೆ.

ಒಂದೂವರೆ ಮೀಟರ್ ಅಗಲದ ದುಂಡನೆಯ ತೊಟ್ಟಿ. ನೀರಿಗೆ ಹಾಲಿನ ಪುಡಿ ಕಲಸಿ ಬೆಳ್ಳಗೆ ಮಾಡುತ್ತೇವೆ. ಒಂದೆರಡು ಸೆಂಟಿಮೀಟರ್ ಆಳದಲ್ಲಿ ಪುಟ್ಟ ಕಟ್ಟೆಯೊಂದು ಕಣ್ಣಿಗೆ ಕಾಣದಂತೆ ಮುಳುಗಿರುತ್ತದೆ. ಅದನ್ನು ಹತ್ತಿದರೆ ಇಲಿಗೆ ಈಜುವ ಕಷ್ಟ ತಪ್ಪುತ್ತದೆ. ಮೊದಲ ದಿನ ನೀರಿಗೆ ಬಿಟ್ಟ ಇಲಿ ತೊಟ್ಟಿಯ ಅಂಚಿನಲ್ಲೇ ಸುತ್ತುತ್ತದೆ. ನಾಲ್ಕೈದು ದಿನ ಕಳೆದರೆ ಕೆಲವೇ ಸೆಕೆಂಡಿನಲ್ಲಿ ನೇರ ಕಟ್ಟೆಗೆ ಹೋಗುತ್ತದೆ. ಬಾಗಿಲು, ಬೀರು, ಗೋಡೆಯ ಚಿತ್ರ ನೋಡಿ ಜಾಗ ಗುರುತಿಟ್ಟುಕೊಂಡಿರುತ್ತದೆ. ನರವಿಜ್ಞಾನಿ ರಿಚರ್ಡ್ ಮೋರಿಸ್ 1981ರಲ್ಲಿ ಪ್ರಕಟಿಸಿದ ವಿಧಾನ ಇದು. ಒಮ್ಮೆ ಗೋಡೆಗೆ ಬಣ್ಣ ಬಳಿಯಲು ಯಾರೋ ಬೀರು, ಕ್ಯಾಲೆಂಡರ್ ಎಲ್ಲ ಎತ್ತಿಟ್ಟಿದ್ದರು. ಕಲಿತಿದ್ದ ಇಲಿಗಳು ದಾರಿ ತಪ್ಪಿ ಸುತ್ತಿದವು. ಒಂದು ವಾರದ ಕೆಲಸ ಹೋಯಿತು. ಒದ್ದೆ ಇಲಿಯನ್ನು ಟವೆಲ್‌ನಲ್ಲಿ ಒರೆಸುವಾಗ ಅದರ ಎದೆ ಡವಡವ ಹೊಡೆದುಕೊಳ್ಳುವುದು ಬೆರಳಿಗೆ ತಾಗುತ್ತದೆ. ಆ ಜೀವದ ಕಷ್ಟ ಸುಮ್ನೆ ವ್ಯರ್ಥವಾಯಿತಲ್ಲ ಅಂತ ಇವತ್ತಿಗೂ ಬೇಸರವಿದೆ.

ಈಗ ಔಷಧಿಯ ವಿಷಯ. ಸ್ಕೋಪೋಲಮಿನ್ ಎಂಬ ಔಷಧಿ ಕೊಟ್ಟರೆ ಮಿದುಳಿನಲ್ಲಿ ಕಲಿಕೆಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸಕ್ಕೆ ತಡೆ ಬೀಳುತ್ತದೆ, ಇಲಿ ಕಲಿಯಲು ಕಷ್ಟಪಡುತ್ತದೆ. ಜೊತೆಗೆ ಗಿಡದ ಸಾರ ಕೊಟ್ಟಾಗ ಬೇಗ ಕಟ್ಟೆ ಹತ್ತಿದರೆ "ನೆನಪು ಹೆಚ್ಚಿತು" ಎಂದು ಬರೆದುಬಿಡುತ್ತಾರೆ. ಆದರೆ ಬರೀ ಸಮಯ ನೋಡಿದರೆ ಮೋಸ ಹೋಗುತ್ತೇವೆ. ನಿದ್ದೆ ಬರಿಸುವ ಔಷಧಿ ಕೊಟ್ಟ ಇಲಿ ನಿಧಾನ ಈಜುತ್ತದೆ. ಅದು ಮರೆವಲ್ಲ, ಅಲ್ವಾ? ಹಾಗಾಗಿ ಈಜಿದ ದೂರ, ವೇಗ ಎರಡನ್ನೂ ಅಳೆಯಬೇಕು. ಕಟ್ಟೆಯ ಮೇಲೊಂದು ಬಾವುಟ ನೆಟ್ಟು, ಕಣ್ಣಿಗೆ ಕಾಣುವಾಗಲಾದರೂ ಅಲ್ಲಿಗೆ ಹೋಗುತ್ತದಾ ಅಂತ ನೋಡಬೇಕು. ಕೊನೆಗೆ ಕಟ್ಟೆಯನ್ನೇ ತೆಗೆದು ಒಂದು ನಿಮಿಷ ಈಜಲು ಬಿಡುತ್ತೇವೆ. ಏನೂ ನೆನಪಿಲ್ಲದ ಇಲಿ ತೊಟ್ಟಿಯಲ್ಲಿ ಕಟ್ಟೆಯಿದ್ದ ಕಾಲುಭಾಗದಲ್ಲಿ ಸುಮಾರು 15 ಸೆಕೆಂಡ್ ಕಳೆಯುತ್ತದೆ. ನೆನಪಿರುವ ಇಲಿ ಅಲ್ಲೇ ಹುಡುಕುತ್ತಾ ಜಾಸ್ತಿ ಹೊತ್ತು ಇರುತ್ತದೆ.

ಇನ್ನೊಂದು ಪರೀಕ್ಷೆಯಲ್ಲಿ ಕತ್ತಲೆ ಗೂಡಿಗೆ ಹೋದ ಇಲಿಯ ಕಾಲಿಗೆ ಸಣ್ಣ ಶಾಕ್ ಕೊಡುತ್ತಾರೆ. ಮರುದಿನ ಅದು ಒಳಗೆ ಹೋಗಲು ಹಿಂಜರಿದರೆ ನೆನಪಿದೆ ಅಂತ ಲೆಕ್ಕ. ಶಾಕ್‌ಗೆ ಮುಂಚೆ ನೋವು ಕಡಿಮೆ ಮಾಡುವ ಔಷಧಿ ಕೊಟ್ಟಿದ್ದರೆ? ಶಾಕ್ ಸರಿಯಾಗಿ ತಟ್ಟಿರುವುದೇ ಇಲ್ಲ, ಮರೆಯಲು ಏನಿದೆ? ಇದಕ್ಕೆ ನನಗೆ ತುಂಬ ಇಷ್ಟವಾದ ಉಪಾಯವೊಂದಿದೆ. ಕಲಿತು ಮುಗಿದ ತಕ್ಷಣ ಔಷಧಿ ಕೊಡುವುದು. ಕಲಿಯುವಾಗ ಮೈಯಲ್ಲಿ ಔಷಧಿ ಇಲ್ಲ, ಮರುದಿನದ ಹೊತ್ತಿಗೆ ಅದು ಇಳಿದಿರುತ್ತದೆ. ಆದರೂ ವ್ಯತ್ಯಾಸ ಕಂಡರೆ, ನೆನಪು ಗಟ್ಟಿಯಾಗುವ ಹಂತದಲ್ಲೇ ಔಷಧಿ ಏನೋ ಮಾಡಿದೆ ಎನ್ನಬಹುದು.

ಒಂದೆಲಗ ಕೇಳಿದವರಿಗೆ ನಾನು ಮೊದಲು ಕೇಳುವುದು, ಯಾವ ಬ್ರಾಹ್ಮಿ ಅಂತ. ನಾವು ತಂಬುಳಿ ಮಾಡುವ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅಂತಾರೆ. ಗಿಡಗಳು ಬೇರೆ ಬೇರೆ. ಲ್ಯಾಬಿನ ಇಲಿ ತಿಂದದ್ದು ತಂಬುಳಿಯನ್ನಲ್ಲ, ತೂಕಕ್ಕೆ ತಕ್ಕಂತೆ ಅಳೆದು ಕೊಟ್ಟ ಗಟ್ಟಿ ಸಾರವನ್ನು.