ಹವಾಮಾನ ನೀತಿ: ಲೆಕ್ಕ ಬರೆಯುವವರು ಯಾರು?

ಅಭಿವೃದ್ಧಿಶೀಲ ರಾಷ್ಟ್ರವೊಂದು ವಿಶ್ವಸಂಸ್ಥೆಗೆ ಸಲ್ಲಿಸಿದ ಹವಾಮಾನ ವರದಿ ಕೈಗೆ ಬಂದಾಗ ಹೆಚ್ಚಿನವರು ಮೊದಲು ಹುಡುಕುವುದು ಆ ದೇಶದ ಹಸಿರುಮನೆ ಅನಿಲಗಳ ಒಟ್ಟು ಹೊರಸೂಸುವಿಕೆ ಎಷ್ಟು ಎಂಬ ಅಂಕಿಯನ್ನು. ಈ ಲೆಕ್ಕಗಳ ತಯಾರಿ ಮತ್ತು ಪರಿಶೀಲನೆಯ ಕೆಲಸದಲ್ಲಿರುವ ನಾನು ಮೊದಲು ತೆರೆಯುವುದು 'ಸಾಂಸ್ಥಿಕ ವ್ಯವಸ್ಥೆ' ಎಂಬ ತಲೆಬರಹದ, ಸಾಮಾನ್ಯವಾಗಿ ಚೌಕಗಳೂ ಬಾಣಗಳೂ ತುಂಬಿದ ಒಂದು ನಕ್ಷೆಯಿರುವ ಅಧ್ಯಾಯವನ್ನು. ಆ ಬಾಣಗಳ ಹಿಂದೆ ಕಾನೂನು, ಸರ್ಕಾರಿ ಆದೇಶ ಅಥವಾ ಕನಿಷ್ಠ ಸಹಿಯಾದ ಒಂದು ಒಪ್ಪಂದ ಪತ್ರ ಇದೆಯೇ, ಅಥವಾ ವರದಿ ಮುದ್ರಣಕ್ಕೆ ಹೋಗುವ ವಾರದಲ್ಲಿ ಅವುಗಳನ್ನು ಎಳೆಯಲಾಯಿತೇ ಎಂಬುದು ತಿಳಿದರೆ, ಮುಂದಿನ ಅಧ್ಯಾಯಗಳಲ್ಲಿರುವ ಅಂಕಿಗಳನ್ನೂ ಭರವಸೆಗಳನ್ನೂ ಎಷ್ಟರಮಟ್ಟಿಗೆ ನಂಬಬಹುದು ಎಂಬುದು ಬಹುಪಾಲು ಗೊತ್ತಾಗಿಬಿಡುತ್ತದೆ.

ವರದಿ ಸಲ್ಲಿಸುವ ಹೊಣೆ ಹೊಸದೇನಲ್ಲ. 1992ರಲ್ಲಿ ಅಂಗೀಕಾರವಾಗಿ 1994ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹವಾಮಾನ ಬದಲಾವಣೆ ಚೌಕಟ್ಟು ಒಡಂಬಡಿಕೆಯ 12ನೇ ವಿಧಿಯೇ ಎಲ್ಲ ಸದಸ್ಯ ರಾಷ್ಟ್ರಗಳಿಂದ 'ರಾಷ್ಟ್ರೀಯ ಸಂವಹನ' ವರದಿಯನ್ನು ಕೇಳಿತ್ತು. ಆದರೆ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಬಹಳ ಕಾಲ ಕಟ್ಟುನಿಟ್ಟಾದ ಗಡುವು ಇರಲಿಲ್ಲ. ಭಾರತದ ಮೊದಲ ಸಂವಹನ ವರದಿ 2004ರಲ್ಲಿ, ಎರಡನೆಯದು 2012ರಲ್ಲಿ, ಮೂರನೆಯದು 2023ರಲ್ಲಿ ಸಲ್ಲಿಕೆಯಾದವು ಎಂಬುದರಿಂದಲೇ ಆ ಹಳೆಯ ಕ್ರಮದ ನಿಧಾನಗತಿಯನ್ನು ಊಹಿಸಬಹುದು. 2010ರ ಕಾನ್‌ಕುನ್ ಸಮ್ಮೇಳನವು ನಾಲ್ಕು ವರ್ಷಕ್ಕೊಂದು ಸಂವಹನ ವರದಿಯ ಜೊತೆಗೆ ಎರಡು ವರ್ಷಕ್ಕೊಂದು ಪರಿಷ್ಕೃತ ವರದಿಯನ್ನು ಸೇರಿಸಿತು. 2015ರ ಪ್ಯಾರಿಸ್ ಒಪ್ಪಂದದ 13ನೇ ವಿಧಿ ಮತ್ತು ಅದರ ವಿವರವಾದ ನಿಯಮಗಳನ್ನು ರೂಪಿಸಿದ 2018ರ ಕಟೋವಿಸ್ ಸಮ್ಮೇಳನ, ಶ್ರೀಮಂತ ಹಾಗೂ ಬಡ ರಾಷ್ಟ್ರಗಳ ಪ್ರತ್ಯೇಕ ವರದಿ ಪದ್ಧತಿಗಳನ್ನು ಬಿಟ್ಟು, ಎಲ್ಲರಿಗೂ ಒಂದೇ 'ದ್ವೈವಾರ್ಷಿಕ ಪಾರದರ್ಶಕತಾ ವರದಿ'ಯನ್ನು ತಂದವು. ಅದರ ಮೊದಲ ಗಡುವು 2024ರ ಡಿಸೆಂಬರ್ 31. ಅತಿ ಹಿಂದುಳಿದ ದೇಶಗಳಿಗೆ ಮತ್ತು ಸಣ್ಣ ದ್ವೀಪ ರಾಷ್ಟ್ರಗಳಿಗೆ ಮಾತ್ರ ತಮ್ಮ ವಿವೇಚನೆಯಂತೆ ಸಲ್ಲಿಸುವ ಅವಕಾಶವಿದೆ.

ಹತ್ತು ವರ್ಷಕ್ಕೊಮ್ಮೆ ಬರೆಯುವ ವರದಿಯನ್ನು ಹೇಗೋ ಬರೆದು ಮುಗಿಸಬಹುದು. ಎರಡು ವರ್ಷಕ್ಕೊಮ್ಮೆ, ಹಿಂದಿನದಕ್ಕೆ ಹೋಲಿಸಲು ಬರುವಂತೆ, ತಜ್ಞರ ಪರಿಶೀಲನೆಗೆ ನಿಲ್ಲುವಂತೆ ಬರೆಯಬೇಕಾದರೆ ಅದಕ್ಕೊಂದು ಕಾಯಂ ಕಚೇರಿ ಬೇಕಾಗುತ್ತದೆ. ಈ ಕಚೇರಿ ಎಲ್ಲಿರಬೇಕು ಎಂಬುದೇ ಮೊದಲ ತಕರಾರು.

ಬಹುತೇಕ ದೇಶಗಳಲ್ಲಿ ಹವಾಮಾನದ ನೋಡಲ್ ಸಂಸ್ಥೆ ಪರಿಸರ ಸಚಿವಾಲಯ. ಮಾತುಕತೆಗೆ ನಿಯೋಗ ಕಳಿಸುವುದೂ ಅದೇ, ವರದಿಗೆ ಸಹಿ ಹಾಕುವುದೂ ಅದೇ. ಆದರೆ ಹೊರಸೂಸುವಿಕೆ ಹುಟ್ಟುವುದು ವಿದ್ಯುತ್, ಸಾರಿಗೆ, ಕೈಗಾರಿಕೆ, ಕೃಷಿ ಇಲಾಖೆಗಳ ವ್ಯಾಪ್ತಿಯಲ್ಲಿ; ಹಣದ ಕೀಲಿ ಇರುವುದು ಹಣಕಾಸು ಸಚಿವಾಲಯದ ಬಳಿ. ಪರಿಸರ ಸಚಿವಾಲಯದ ಪತ್ರಕ್ಕೆ ಇವರಾರೂ ಉತ್ತರಿಸಲೇಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇರುವುದಿಲ್ಲ. ಈ ದೌರ್ಬಲ್ಯವನ್ನು ಕಂಡುಕೊಂಡ ಕೆಲವು ದೇಶಗಳು ಕಾನೂನಿನ ಮೂಲಕವೇ ಮೇಲಿನ ಹಂತದಲ್ಲಿ ಒಂದು ಪೀಠ ಹಾಕಿವೆ. ಫಿಲಿಪ್ಪೀನ್ಸ್ 2009ರ ಕಾನೂನಿನಿಂದ ಅಧ್ಯಕ್ಷರೇ ಮುಖ್ಯಸ್ಥರಾಗಿರುವ ಹವಾಮಾನ ಬದಲಾವಣೆ ಆಯೋಗವನ್ನು ರಚಿಸಿತು. ಕೀನ್ಯಾ 2016ರ ಕಾನೂನಿನಲ್ಲಿ ರಾಷ್ಟ್ರಾಧ್ಯಕ್ಷರ ನೇತೃತ್ವದ ಮಂಡಳಿಯ ಜೊತೆಗೆ ದಿನನಿತ್ಯದ ಕೆಲಸಕ್ಕೆ ಪ್ರತ್ಯೇಕ ನಿರ್ದೇಶನಾಲಯವನ್ನೂ ಇಟ್ಟಿತು. ಮೆಕ್ಸಿಕೊದ 2012ರ ಕಾನೂನು ಸಚಿವಾಲಯಗಳ ನಡುವಿನ ಆಯೋಗವೊಂದನ್ನು ಸ್ಥಾಪಿಸಿ, ಹೊರಸೂಸುವಿಕೆಯ ಲೆಕ್ಕಪಟ್ಟಿಯ ಹೊಣೆಯನ್ನು ಒಂದು ವೈಜ್ಞಾನಿಕ ಸಂಸ್ಥೆಗೆ ಒಪ್ಪಿಸಿತು. ದಕ್ಷಿಣ ಆಫ್ರಿಕಾದಲ್ಲಿ ಮೊದಲು ಅಧ್ಯಕ್ಷೀಯ ಹವಾಮಾನ ಆಯೋಗ ಬಂದು, 2024ರಲ್ಲಿ ಕಾನೂನು ಅದನ್ನು ಹಿಂಬಾಲಿಸಿತು. ಭಾರತದ ದಾರಿ ಬೇರೆ: ಒಂದೇ ಸಮಗ್ರ ಕಾನೂನಿಲ್ಲದೆ, ಪ್ರಧಾನಮಂತ್ರಿಗಳ ಮಂಡಳಿ ಮತ್ತು 2008ರ ರಾಷ್ಟ್ರೀಯ ಕ್ರಿಯಾ ಯೋಜನೆಯ ಮೂಲಕ ಎಂಟು ಮಿಷನ್‌ಗಳನ್ನು ಬೇರೆ ಬೇರೆ ಸಚಿವಾಲಯಗಳಿಗೆ ಹಂಚಲಾಯಿತು.

ಅಧ್ಯಕ್ಷರು ಅಥವಾ ಪ್ರಧಾನಿ ಕೂರುವ ಮಂಡಳಿಯಿಂದ ಕೆಲಸ ತಾನಾಗಿ ಆಗುತ್ತದೆ ಎಂಬ ನಂಬಿಕೆ ನನಗಿಲ್ಲ. ಅಷ್ಟು ಎತ್ತರದ ಮಂಡಳಿಗಳು ಅಪರೂಪಕ್ಕೆ ಸೇರುತ್ತವೆ, ಸೇರಿದಾಗ ದೊಡ್ಡ ಗುರಿಗಳನ್ನು ಅಂಗೀಕರಿಸುತ್ತವೆ, ಮತ್ತು ಡೀಸೆಲ್ ಮಾರಾಟದ ವಿಂಗಡಣೆ ಸರಿಯಿಲ್ಲ ಎಂಬ ವಿಷಯ ಅವುಗಳ ಕಾರ್ಯಸೂಚಿಗೆ ಎಂದೂ ಬರುವುದಿಲ್ಲ. ಕಾಯಂ ಹುದ್ದೆಗಳಿರುವ ಕಾರ್ಯಾಲಯ, ಪ್ರತಿ ಸಚಿವಾಲಯದಲ್ಲೂ ಹೆಸರಿಸಲಾದ ಒಬ್ಬ ಹೊಣೆಗಾರ ಅಧಿಕಾರಿ, ಆ ಅಧಿಕಾರಿ ವರ್ಗಾವಣೆಯಾದಾಗ ಕಡತ ಯಾರಿಗೆ ಹೋಗಬೇಕೆಂಬ ಲಿಖಿತ ನಿಯಮ, ಇವೇ ವರ್ಷದುದ್ದಕ್ಕೂ ಕೆಲಸ ಮಾಡುವ ವ್ಯವಸ್ಥೆಗಳು. ಈ ದೃಷ್ಟಿಯಿಂದ ಚಿಲಿ ದೇಶದ ಮಾದರಿ ಗಮನಾರ್ಹ. ಅಲ್ಲಿ ಪರಿಸರ ಸಚಿವಾಲಯ ಒಟ್ಟು ಸಂಯೋಜನೆಯನ್ನು ನೋಡಿಕೊಳ್ಳುತ್ತದೆ. ಇಂಧನ, ಕೃಷಿ ಮುಂತಾದ ವಲಯಗಳ ಲೆಕ್ಕವನ್ನು ಆಯಾ ಸಚಿವಾಲಯಗಳ ತಂಡಗಳೇ ಸಿದ್ಧಪಡಿಸುತ್ತವೆ. ತಮ್ಮ ಲೆಕ್ಕವನ್ನು ತಾವೇ ಬರೆದ ಇಲಾಖೆ ಅದನ್ನು ಅಲ್ಲಗಳೆಯುವುದು ಕಷ್ಟ.

ಇನ್ನು ಲೆಕ್ಕದ ಒಳಗೆ ಇಳಿಯೋಣ. ವಿಧಾನವನ್ನು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿ ಕೊಡುತ್ತದೆ. ಮೂಲ ಸೂತ್ರ ಸರಳ: ಚಟುವಟಿಕೆಯ ಪ್ರಮಾಣವನ್ನು (ಉದಾಹರಣೆಗೆ, ಉರಿಸಿದ ಡೀಸೆಲ್) ಹೊರಸೂಸುವಿಕೆಯ ಗುಣಾಂಕದಿಂದ, ಅಂದರೆ ಅದರ ಒಂದು ಘಟಕಕ್ಕೆ ಹೊರಬೀಳುವ ಅನಿಲದ ಪ್ರಮಾಣದಿಂದ, ಗುಣಿಸುವುದು. ಗುಣಾಂಕ ಸಿಗದಿದ್ದರೆ ಮಾರ್ಗಸೂಚಿಯ ಪೂರ್ವನಿಗದಿತ ಅಂಕಿಯನ್ನು ಬಳಸಬಹುದು. ಇದು ಮೊದಲ ಶ್ರೇಣಿ. ದೇಶದ ಸ್ವಂತ ಗುಣಾಂಕವಿದ್ದರೆ ಎರಡನೆಯ ಶ್ರೇಣಿ, ಸವಿವರ ಮಾದರಿ ಅಥವಾ ನೇರ ಅಳತೆ ಇದ್ದರೆ ಮೂರನೆಯದು. ಆದರೆ ಚಟುವಟಿಕೆಯ ದತ್ತಾಂಶವನ್ನು ದೇಶವೇ ಹುಡುಕಬೇಕು, ಅಲ್ಲಿಯೇ ಕೆಲಸ ಸಿಕ್ಕಿಹಾಕಿಕೊಳ್ಳುವುದು.

ಡೀಸೆಲ್ಲನ್ನೇ ನೋಡಿ. ತೈಲ ಕಂಪನಿಗೆ ಎಷ್ಟು ಮಾರಾಟವಾಯಿತೆಂಬುದು ಗೊತ್ತು, ಬಂಕಿನಿಂದ ಹೊರಟ ಮೇಲೆ ಅದು ಲಾರಿಗೆ ಹೋಯಿತೇ, ಟ್ರ್ಯಾಕ್ಟರಿಗೆ ಹೋಯಿತೇ, ಕಟ್ಟಡದ ಜನರೇಟರಿಗೆ ಹೋಯಿತೇ ಎಂಬುದು ಗೊತ್ತಿಲ್ಲ. ಎಲ್ಲವನ್ನೂ ಸಾರಿಗೆಗೆ ಬರೆದರೆ ಒಟ್ಟು ಮೊತ್ತವೇನೂ ಹೆಚ್ಚು ಬದಲಾಗದು. ಆದರೆ ಸಾರಿಗೆ ವಲಯದ ನೀತಿಯನ್ನು ರೂಪಿಸುವವರು ತಪ್ಪು ನೆಲದ ಮೇಲೆ ನಿಂತಿರುತ್ತಾರೆ. ಅದಕ್ಕಾಗಿಯೇ ಇಂಧನದ ಲೆಕ್ಕವನ್ನು ಎರಡು ದಿಕ್ಕಿನಿಂದ ಮಾಡಬೇಕಾಗುತ್ತದೆ: ಉತ್ಪಾದನೆಗೆ ಆಮದನ್ನು ಕೂಡಿಸಿ, ರಫ್ತು ಮತ್ತು ದಾಸ್ತಾನಿನ ಬದಲಾವಣೆಯನ್ನು ಕಳೆದು ಮೇಲಿನಿಂದ ಒಂದು ಲೆಕ್ಕ, ಬಳಕೆಯ ವಲಯಗಳಿಂದ ಇನ್ನೊಂದು ಲೆಕ್ಕ. ಇವೆರಡರ ನಡುವಿನ ಅಂತರ ಸಾಮಾನ್ಯವಾಗಿ ಶೇ 5ರೊಳಗೆ ಇರಬೇಕು. ಅದಕ್ಕಿಂತ ಹೆಚ್ಚಾದರೆ ಎಲ್ಲೋ ಒಂದು ಇಲಾಖೆಯ ಪುಸ್ತಕ ಇನ್ನೊಂದರ ಪುಸ್ತಕಕ್ಕೆ ತಾಳೆಯಾಗುತ್ತಿಲ್ಲ ಎಂದರ್ಥ.

ಭತ್ತದ ಗದ್ದೆಯ ಮೀಥೇನ್ ಇನ್ನೂ ಒಳ್ಳೆಯ ಪಾಠ. ಎಷ್ಟು ಹೆಕ್ಟೇರಿನಲ್ಲಿ ಭತ್ತ ಬೆಳೆಯಲಾಯಿತೆಂಬುದನ್ನು ಕೃಷಿ ಇಲಾಖೆ ಹೇಳಬಲ್ಲದು. ಆದರೆ ಮೀಥೇನಿನ ಪ್ರಮಾಣವನ್ನು ನಿರ್ಧರಿಸುವುದು ಗದ್ದೆಯಲ್ಲಿ ನೀರು ಎಷ್ಟು ದಿನ ನಿಂತಿತ್ತು, ನಡುವೆ ಎಷ್ಟು ಬಾರಿ ಬಸಿದುಹೋಯಿತು ಎಂಬುದು. ಆ ಮಾಹಿತಿಯ ತುಣುಕುಗಳು ನೀರಾವರಿ ಇಲಾಖೆಯಲ್ಲೂ ಕೃಷಿ ಸಂಶೋಧನಾ ಕೇಂದ್ರಗಳಲ್ಲೂ ಚದುರಿರುತ್ತವೆ. ಜಾನುವಾರುಗಳ ವಿಷಯದಲ್ಲಿ ಗಣತಿ ಕೆಲವು ವರ್ಷಗಳಿಗೊಮ್ಮೆ ನಡೆಯುವುದರಿಂದ ನಡುವಿನ ವರ್ಷಗಳ ಸಂಖ್ಯೆಯನ್ನು ಅಂದಾಜಿಸಬೇಕು. ಪ್ರಾಣಿಗಳ ತೂಕ, ಮೇವು, ಹಾಲಿನ ಇಳುವರಿಯ ಅಂಕಿಗಳಿಲ್ಲದೆ ಎರಡನೆಯ ಶ್ರೇಣಿಗೆ ಏರಲಾಗದು. ಸಿಮೆಂಟ್ ಕಾರ್ಖಾನೆಯಲ್ಲಿ ಬೇಕಾದದ್ದು ಸಿಮೆಂಟಿನ ಟನ್‌ಗಳಲ್ಲ, ಸುಣ್ಣದ ಕಲ್ಲನ್ನು ಸುಟ್ಟು ಮಾಡುವ ಅದರ ಮೂಲವಸ್ತುವಾದ ಕ್ಲಿಂಕರಿನ ಟನ್‌ಗಳು. ಅದನ್ನು ವ್ಯವಹಾರ ರಹಸ್ಯವೆಂದು ಕಂಪನಿಗಳು ಕೊಡದಿರಬಹುದು. ಕಸದ ರಾಶಿಯ ಲೆಕ್ಕವಂತೂ ವಿಚಿತ್ರ. ಹಿಂದೆ ಸುರಿದ ಕಸ ದಶಕಗಳ ಕಾಲ ಮೀಥೇನ್ ಬಿಡುತ್ತಲೇ ಇರುವುದರಿಂದ, ಈ ವರ್ಷದ ಅಂಕಿಗಾಗಿ ಸುಮಾರು 50 ವರ್ಷಗಳ ಹಿಂದಿನಿಂದ ಕಸದ ಪ್ರಮಾಣವನ್ನು ಕಟ್ಟಿಕೊಂಡು ಬರಬೇಕು. ಅಂಥ ದಾಖಲೆ ಇರುವ ಪುರಸಭೆ ಎಲ್ಲಾದರೂ ಇದ್ದರೆ ಅದು ಅಭಿನಂದನಾರ್ಹ.

ಈ ಎಲ್ಲದಕ್ಕೂ ಪರಿಹಾರ ಕಂಪ್ಯೂಟರ್ ತಂತ್ರಾಂಶದಲ್ಲಿದೆ ಎಂದು ಮಾರಾಟಗಾರರು ಹೇಳುತ್ತಾರೆ. ನನ್ನ ಅನುಭವದಲ್ಲಿ ತಂತ್ರಾಂಶ ಕೊನೆಯ ಸಮಸ್ಯೆ. ಮೊದಲು ಬೇಕಾದದ್ದು ಯಾವ ಇಲಾಖೆ, ಯಾವ ಕೋಷ್ಟಕವನ್ನು, ಯಾವ ಘಟಕದಲ್ಲಿ, ಯಾವ ತಿಂಗಳೊಳಗೆ ಕೊಡಬೇಕೆಂಬ ಆದೇಶ. ಆ ಬಳಿಕ ಗೋಪ್ಯತೆಯನ್ನು ಕಾಪಾಡುವ ಭರವಸೆ, ಅದಕ್ಕೆ ಸಾಂಖ್ಯಿಕ ಕಾನೂನಿನ ಆಸರೆ. ಫಿಲಿಪ್ಪೀನ್ಸ್ 2014ರ ಕಾರ್ಯಾಂಗ ಆದೇಶದ ಮೂಲಕ ಹಸಿರುಮನೆ ಅನಿಲಗಳ ಲೆಕ್ಕಪಟ್ಟಿಯ ನಿರ್ವಹಣೆಯನ್ನು ಸಾಂಸ್ಥಿಕಗೊಳಿಸಿದ್ದು ಇಂಥದೇ ಕ್ರಮ.

ಇಷ್ಟಾದರೂ ಅನೇಕ ದೇಶಗಳಲ್ಲಿ ವರದಿಯ ಕೆಲಸ ಯೋಜನೆಯ ರೂಪದಲ್ಲಿಯೇ ನಡೆಯುತ್ತದೆ, ಮತ್ತು ಅದಕ್ಕೆ ಹಣಕಾಸಿನ ಕಾರಣವಿದೆ. ಅಭಿವೃದ್ಧಿಶೀಲ ರಾಷ್ಟ್ರಗಳ ವರದಿಯ ವೆಚ್ಚಕ್ಕೆ ಶ್ರೀಮಂತ ರಾಷ್ಟ್ರಗಳು ಹಣ ಒದಗಿಸಬೇಕೆಂದು ಒಡಂಬಡಿಕೆಯೇ ಹೇಳುತ್ತದೆ. ಆ ಹಣ ಜಾಗತಿಕ ಪರಿಸರ ನಿಧಿಯಿಂದ, ಹೆಚ್ಚಾಗಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಅಥವಾ ಪರಿಸರ ಕಾರ್ಯಕ್ರಮದ ಮೂಲಕ ಬರುತ್ತದೆ. ಹಣ ಬಂದಾಗ ಸಲಹೆಗಾರರು ನೇಮಕವಾಗುತ್ತಾರೆ, ವರದಿ ಸಿದ್ಧವಾಗುತ್ತದೆ, ಯೋಜನೆ ಮುಗಿಯುತ್ತದೆ, ತಂಡ ಚದುರುತ್ತದೆ. ಮುಂದಿನ ಸುತ್ತಿನ ಹಣ ಬರುವಷ್ಟರಲ್ಲಿ ಹಳೆಯ ಎಕ್ಸೆಲ್ ಹಾಳೆಗಳು ಯಾರದೋ ಲ್ಯಾಪ್‌ಟಾಪಿನಲ್ಲಿ ಕಳೆದುಹೋಗಿರುತ್ತವೆ, ಗುಣಾಂಕವೊಂದನ್ನು ಹಿಂದಿನವರು ಏಕೆ ಆರಿಸಿದರೆಂಬುದಕ್ಕೆ ವಿವರಣೆ ಸಿಗುವುದಿಲ್ಲ. ಪ್ಯಾರಿಸ್ ನಿರ್ಧಾರದಡಿ ಬಂದ ಪಾರದರ್ಶಕತೆಯ ಸಾಮರ್ಥ್ಯವರ್ಧನೆ ಉಪಕ್ರಮದ ಉದ್ದೇಶಗಳಲ್ಲಿ ಸಂಸ್ಥೆಗಳನ್ನು ಬಲಪಡಿಸುವುದೂ ಒಂದು. ಆದರೆ ಹೊರಗಿನ ಹಣದಿಂದ ಕಾಯಂ ಹುದ್ದೆಗಳನ್ನು ಸೃಷ್ಟಿಸಲಾಗದು. ಅವು ದೇಶದ ಸ್ವಂತ ಬಜೆಟ್ಟಿನಲ್ಲಿಯೇ ಬರಬೇಕು. ನನ್ನ ದೃಷ್ಟಿಯಲ್ಲಿ ಒಂದು ಸರ್ಕಾರದ ಗಾಂಭೀರ್ಯವನ್ನು ಅಳೆಯಲು, ಅದು ಘೋಷಿಸಿದ ನಿವ್ವಳ ಶೂನ್ಯದ ವರ್ಷಕ್ಕಿಂತ ಈ ಬಜೆಟ್ ಸಾಲು ಹೆಚ್ಚು ಉಪಯುಕ್ತ.

ಹೊಸ ನಿಯಮಗಳಲ್ಲಿ ಸಡಿಲಿಕೆಗಳೂ ಇವೆ. ಸಾಮರ್ಥ್ಯದ ಕೊರತೆಯಿರುವ ಅಭಿವೃದ್ಧಿಶೀಲ ದೇಶ ಏಳು ಅನಿಲಗಳ ಬದಲು ಇಂಗಾಲದ ಡೈಆಕ್ಸೈಡ್, ಮೀಥೇನ್, ನೈಟ್ರಸ್ ಆಕ್ಸೈಡ್ ಎಂಬ ಮೂರನ್ನು ವರದಿ ಮಾಡಬಹುದು. ಪ್ರಮುಖ ಮೂಲಗಳನ್ನು ಗುರುತಿಸುವಾಗ ಒಟ್ಟಿನ ಶೇ 95ರ ಬದಲು ಶೇ 85ರ ಮಿತಿಯನ್ನು ಬಳಸಬಹುದು. 1990ರಿಂದ ಪ್ರತಿ ವರ್ಷದ ಸರಣಿ ಕೊಡಲಾಗದಿದ್ದರೆ ಗುರಿಯ ಆಧಾರ ವರ್ಷ ಹಾಗೂ 2020ರಿಂದ ಮುಂದಿನ ಸರಣಿ ಸಾಕು. ಆದರೆ ಪ್ರತಿ ಸಡಿಲಿಕೆಯನ್ನೂ ಸ್ಪಷ್ಟವಾಗಿ ಹೇಳಿ, ಯಾವ ಕೊರತೆಯಿಂದ ಅದು ಬೇಕಾಯಿತು, ಅದನ್ನು ಯಾವಾಗ ನೀಗಿಸುವ ಅಂದಾಜಿದೆ ಎಂದು ಬರೆಯಬೇಕು. ಪರಿಶೀಲನಾ ತಂಡಕ್ಕೆ ಈ ಸಡಿಲಿಕೆ ಬೇಕಿತ್ತೇ ಎಂದು ಪ್ರಶ್ನಿಸುವ ಅಧಿಕಾರವಿಲ್ಲ. ಕೆಲವರು ಇದನ್ನು ಲೋಪವೆನ್ನುತ್ತಾರೆ. ಕೊರತೆಯನ್ನು ಅಧಿಕೃತವಾಗಿ ಬರೆದಿಡುವ ಅಭ್ಯಾಸವೇ ದೊಡ್ಡ ಗಳಿಕೆ ಎಂಬುದು ನನ್ನ ಅಭಿಪ್ರಾಯ.

ನೀತಿ ಮತ್ತು ವರದಿ ಮುಖಾಮುಖಿಯಾಗುವುದು ಪ್ಯಾರಿಸ್ ಒಪ್ಪಂದದಡಿ ದೇಶವೇ ಗೊತ್ತುಮಾಡಿಕೊಂಡು ಐದು ವರ್ಷಕ್ಕೊಮ್ಮೆ ಸಲ್ಲಿಸುವ ಹವಾಮಾನ ಗುರಿಗಳಾದ ರಾಷ್ಟ್ರೀಯ ಕೊಡುಗೆ, ಅಂದರೆ ಎನ್‌ಡಿಸಿಯ ಪ್ರಗತಿಯನ್ನು ತೋರಿಸುವಾಗ. ಭಾರತ 2022ರಲ್ಲಿ ಪರಿಷ್ಕರಿಸಿದ ಗುರಿಯನ್ನೇ ತೆಗೆದುಕೊಳ್ಳಿ: ಜಿಡಿಪಿಯ ಹೊರಸೂಸುವಿಕೆ ತೀವ್ರತೆಯನ್ನು, ಅಂದರೆ ಜಿಡಿಪಿಯ ಪ್ರತಿ ರೂಪಾಯಿಗೆ ಹೊರಬೀಳುವ ಅನಿಲವನ್ನು, 2030ರೊಳಗೆ 2005ರ ಮಟ್ಟಕ್ಕಿಂತ ಶೇ 45ರಷ್ಟು ಇಳಿಸುವುದು. 2005ರಿಂದ 2020ರ ನಡುವೆ ಶೇ 36ರಷ್ಟು ಇಳಿಕೆಯಾಗಿದೆ ಎಂದು 2024ರ ಕೊನೆಯಲ್ಲಿ ಸಲ್ಲಿಸಿದ ನಾಲ್ಕನೇ ದ್ವೈವಾರ್ಷಿಕ ಪರಿಷ್ಕೃತ ವರದಿ ಹೇಳಿತು. ಇಂಥ ಸೂಚಕದಲ್ಲಿ ಲೆಕ್ಕಪಟ್ಟಿ ಅರ್ಧ ಭಾಗ ಮಾತ್ರ. ಉಳಿದರ್ಧ ರಾಷ್ಟ್ರೀಯ ಆದಾಯದ ಅಂಕಿಗಳು, ಅಂದರೆ ಇನ್ನೊಂದು ಸಚಿವಾಲಯ. ಜಿಡಿಪಿಯ ಆಧಾರ ವರ್ಷ ಬದಲಾದರೆ ಸೂಚಕವೂ ಕದಲುತ್ತದೆ. ಲೆಕ್ಕದ ವಿಧಾನ ಸುಧಾರಿಸಿದಾಗ ಹಿಂದಿನ ವರ್ಷಗಳನ್ನೂ ಅದೇ ವಿಧಾನದಿಂದ ಮರುಲೆಕ್ಕ ಹಾಕಬೇಕು. ಇಲ್ಲದಿದ್ದರೆ ವಿಧಾನದ ಬದಲಾವಣೆಯೇ ಸಾಧನೆಯಂತೆ ಕಾಣಿಸುತ್ತದೆ. ಮರುಲೆಕ್ಕದಿಂದ ಹಳೆಯ ಅಂಕಿ ಬದಲಾದಾಗ ಮಂತ್ರಿಗಳಿಗೆ ಮುಜುಗರವಾಗುತ್ತದೆ, ಪತ್ರಿಕೆಗಳಿಗೆ ಸಂಶಯ ಬರುತ್ತದೆ. ಅವು ಬಾರದಿರಲೆಂದೇ ಹಳೆಯ ಅಂಕಿಯನ್ನು ಮುಟ್ಟದೆ ಬಿಡುವ ಆಮಿಷ ಎಲ್ಲೆಡೆ ಇದೆ.

ಹೊರದೇಶಗಳಿಂದ ಪಡೆದ ಹವಾಮಾನ ನೆರವಿನ ಲೆಕ್ಕವೂ ಸುಲಭವಲ್ಲ. ಸಾಲವಾಗಿ ಬಂದ ಹಣ ಹಣಕಾಸು ಸಚಿವಾಲಯದ ಪುಸ್ತಕದಲ್ಲಿರುತ್ತದೆ. ಸ್ವಯಂಸೇವಾ ಸಂಸ್ಥೆಗಳಿಗೆ ನೇರವಾಗಿ ಹೋದ ಅನುದಾನ ಇರುವುದಿಲ್ಲ. ಕೊಟ್ಟವರ ಅಂಕಿ, ಪಡೆದವರ ಅಂಕಿ ಹೊಂದುವುದು ಅಪರೂಪ. ಹೊಂದಾಣಿಕೆಯ ಅಧ್ಯಾಯಕ್ಕೆ, ಅಂದರೆ ಬರ, ನೆರೆ, ಸಮುದ್ರ ಮಟ್ಟದ ಏರಿಕೆಗೆ ದೇಶ ಹೇಗೆ ಸಜ್ಜಾಗುತ್ತಿದೆ ಎಂಬ ಭಾಗಕ್ಕೆ ಟನ್ನಿನಂಥ ಒಂದೇ ಅಳತೆಗೋಲು ಇಲ್ಲದ್ದರಿಂದ ಅದು ಅನೇಕ ವರದಿಗಳಲ್ಲಿ ಯೋಜನೆಗಳ ಪಟ್ಟಿಯಾಗಿಯೇ ಉಳಿದಿದೆ.

ಎರಡನೆಯ ಪಾರದರ್ಶಕತಾ ವರದಿಯ ಗಡುವು 2026ರ ಡಿಸೆಂಬರ್ 31. ಅದರಲ್ಲಿ 2024ರವರೆಗಿನ ಲೆಕ್ಕ ಇರಬೇಕು. ಸಡಿಲಿಕೆ ಬಳಸುವವರಿಗೆ 2023ರವರೆಗಿನದು ಸಾಕು. ಇದರಿಂದ ಹಿಂದಕ್ಕೆ ಎಣಿಸಿದರೆ ಕೆಲಸದ ವೇಳಾಪಟ್ಟಿ ತಾನಾಗಿ ಮೂಡುತ್ತದೆ: ಅನುಮೋದನೆಗೆ ಮತ್ತು ಸಚಿವಾಲಯಗಳ ನಡುವಿನ ಸುತ್ತೋಲೆಗೆ ಕೊನೆಯ ಮೂರು ತಿಂಗಳು, ಲೆಕ್ಕದಲ್ಲಿ ಭಾಗಿಯಾಗದ ತಜ್ಞರಿಂದ ಗುಣಮಟ್ಟದ ಪರಿಶೀಲನೆಗೆ ಅದಕ್ಕೂ ಮುಂಚಿನ ಎರಡು ತಿಂಗಳು, ಲೆಕ್ಕ ಹಾಕಲು ಅರ್ಧ ವರ್ಷ. ಹಾಗಾದರೆ ಇಲಾಖೆಗಳಿಗೆ ದತ್ತಾಂಶ ಕೇಳಿ ಬರೆಯುವ ಮೊದಲ ಪತ್ರ 2025ರಲ್ಲಿಯೇ ಹೊರಟಿರಬೇಕು, ಮತ್ತು ಅದಕ್ಕೆ ಸಹಿ ಹಾಕುವ ಅಧಿಕಾರಿ 2027ರಲ್ಲಿ ಪರಿಶೀಲನಾ ತಂಡದ ಪ್ರಶ್ನೆಗಳು ಬಂದಾಗಲೂ ಅದೇ ಕುರ್ಚಿಯಲ್ಲಿರಬೇಕು, ಅಥವಾ ಆ ಕುರ್ಚಿಗೆ ಬಂದವರ ಕೈಯಲ್ಲಿ ಪೂರ್ಣ ಕಡತವಿರಬೇಕು.